ಹತ್ತು ದಿನದಲ್ಲಿ ಹತ್ತು ಕೆ.ಜಿ.: ಈ ಲೆಕ್ಕ ತಪ್ಪುವುದೆಲ್ಲಿ?

2025ರ ಮಾರ್ಚ್ ತಿಂಗಳಲ್ಲಿ ಕೇರಳದ ಕಣ್ಣೂರು ಜಿಲ್ಲೆಯ 18 ವರ್ಷದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ತಲಶ್ಶೇರಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದಳು. ದಪ್ಪಗಾಗಿಬಿಡುತ್ತೇನೆಂಬ ಭಯದಿಂದ ಅವಳು ತಿಂಗಳುಗಟ್ಟಲೆ ಊಟ ಬಿಟ್ಟಿದ್ದಳು, ಆನ್‌ಲೈನ್‌ನಲ್ಲಿ ಕಂಡ ಡಯಟ್‌ಗಳನ್ನು ಅನುಸರಿಸುತ್ತಿದ್ದಳು ಎಂದು ಪತ್ರಿಕೆಗಳು ವರದಿ ಮಾಡಿದವು. ಊಟವನ್ನೇ ಶತ್ರುವಿನಂತೆ ಕಾಣುವ ‘ಅನೊರೆಕ್ಸಿಯಾ ನರ್ವೋಸಾ’ ಎಂಬ ಮಾನಸಿಕ ಕಾಯಿಲೆ ಅವಳನ್ನು ಹಿಡಿದಿತ್ತೆಂದು ವೈದ್ಯರು ಹೇಳಿದರು. ಅದೇ ವರ್ಷದ ಜುಲೈನಲ್ಲಿ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿ 17 ವರ್ಷದ ಹುಡುಗನೊಬ್ಬ ತೀರಿಕೊಂಡ. ಕಾಲೇಜು ಸೇರುವ ಮೊದಲು ತೆಳ್ಳಗಾಗಬೇಕೆಂದು ಯೂಟ್ಯೂಬ್ ನೋಡಿ, ಸುಮಾರು ಮೂರು ತಿಂಗಳು ಹಣ್ಣಿನ ರಸವನ್ನಷ್ಟೇ ಕುಡಿದಿದ್ದ ಎಂದು ಮನೆಯವರು ಹೇಳಿದ್ದು ಸುದ್ದಿಯಾಯಿತು.

ಇಬ್ಬರೂ ನಮ್ಮ ವಯಸ್ಸಿನವರು, ನಮ್ಮ ನೆರೆ ರಾಜ್ಯದವರು. ಅವರು ನೋಡಿದಂಥ ವಿಡಿಯೊಗಳು ಕನ್ನಡದಲ್ಲೂ ಬೇಕಾದಷ್ಟಿವೆ. ‘ಹತ್ತೇ ದಿನದಲ್ಲಿ ಹತ್ತು ಕೆ.ಜಿ. ಇಳಿಸಿ’, ‘ಒಂದು ವಾರ ಬರೀ ಸೌತೆಕಾಯಿ’, ‘ರಾತ್ರಿ ಊಟ ಬಿಟ್ಟು ಈ ನೀರು ಕುಡಿಯಿರಿ’ ಎಂಬ ತಲೆಬರಹಗಳನ್ನು ನೋಡದ ವಿದ್ಯಾರ್ಥಿ ಸಿಗುವುದು ಕಷ್ಟ. ನೋಡಿದವರೆಲ್ಲ ಆಸ್ಪತ್ರೆ ಸೇರುವುದಿಲ್ಲ, ನಿಜ. ಆದರೆ ಸಾಯದೆ ಉಳಿದವರ ದೇಹಕ್ಕೆ ಏನಾಗುತ್ತದೆ ಎಂಬುದನ್ನು ಯಾವ ಪತ್ರಿಕೆಯೂ ಮುಖಪುಟದಲ್ಲಿ ಬರೆಯುವುದಿಲ್ಲ. ಸದ್ದಿಲ್ಲದೆ ಆಗುವ ಆ ನಷ್ಟ ಏನೆಂಬುದನ್ನು ನಾವು ತಿಳಿಯಬೇಕಾಗಿದೆ.

ಮೊದಲೇ ಒಂದು ಮಾತು ಒಪ್ಪಿಕೊಳ್ಳೋಣ. ಬೊಜ್ಜು ಸುಳ್ಳು ಸಮಸ್ಯೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 24ರಷ್ಟು ಮಂದಿಗೆ ಅಧಿಕ ತೂಕ ಅಥವಾ ಬೊಜ್ಜು ಇದೆ. ಪುರುಷರಲ್ಲಿ ಶೇ 23ರಷ್ಟು. 2025ರ ಫೆಬ್ರುವರಿಯ ‘ಮನದ ಮಾತು’ ಕಾರ್ಯಕ್ರಮದಲ್ಲಿ ಪ್ರಧಾನಿಯವರೇ ಅಡುಗೆ ಎಣ್ಣೆಯನ್ನು ಶೇ 10ರಷ್ಟು ಕಡಿಮೆ ಮಾಡಿ ಎಂದು ಕರೆ ಕೊಟ್ಟರು. ಹಾಗಾಗಿ ತೂಕ ಇಳಿಸಬೇಕೆನ್ನುವ ಆಸೆಯನ್ನು ಹೀಯಾಳಿಸುವಂತಿಲ್ಲ. ಅದಕ್ಕೆ ನಾವು ಹಿಡಿದಿರುವ ದಾರಿ ಯಾವುದು, ಅದು ನಮ್ಮನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದಷ್ಟೇ ಪ್ರಶ್ನೆ.

ಗಣಿತವೇ ಹೇಳುವ ಸತ್ಯ

ಮೊದಲು ಸರಳವಾದ ಲೆಕ್ಕ ಮಾಡೋಣ. ಒಂದು ಕೆ.ಜಿ. ದೇಹದ ಕೊಬ್ಬಿನಲ್ಲಿ ಸುಮಾರು 7,700 ಕಿಲೊಕ್ಯಾಲರಿ ಶಕ್ತಿ ಇರುತ್ತದೆ. ಹೆಚ್ಚು ಓಡಾಟವಿಲ್ಲದ, 55 ಕೆ.ಜಿ. ತೂಕದ ಮಹಿಳೆಗೆ ದಿನಕ್ಕೆ ಸುಮಾರು 1,660 ಕಿಲೊಕ್ಯಾಲರಿ ಬೇಕು ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಆಕೆ ಹತ್ತು ದಿನ ಒಂದಗುಳೂ ಮುಟ್ಟದೆ ಕೂತಳು ಎಂದಿಟ್ಟುಕೊಳ್ಳಿ. ಉಳಿಯುವುದು 16,600 ಕಿಲೊಕ್ಯಾಲರಿ. ಅದಷ್ಟೂ ಕೊಬ್ಬಿನಿಂದಲೇ ಹೋಯಿತೆಂದು ಹಿಡಿದರೂ ಕರಗುವುದು ಎರಡು ಕೆ.ಜಿ. ಚಿಲ್ಲರೆ. ಪೂರ್ತಿ ಉಪವಾಸ ಬಿದ್ದರೂ ಎರಡು ಕೆ.ಜಿ. ಕೊಬ್ಬು ಕರಗುವಾಗ, ಸೌತೆಕಾಯಿ ತಿಂದು ಹತ್ತು ಕೆ.ಜಿ. ಕರಗುವುದು ಹೇಗೆ ಸಾಧ್ಯ?

ಹಾಗಿದ್ದರೆ ತೂಕದ ಯಂತ್ರದ ಮೇಲೆ ಮೊದಲ ವಾರ ಇಳಿದದ್ದೇನು? ಬಹುಪಾಲು ನೀರು. ನಮ್ಮ ಯಕೃತ್ತು ಮತ್ತು ಸ್ನಾಯುಗಳು ‘ಗ್ಲೈಕೊಜೆನ್’ ರೂಪದಲ್ಲಿ ಸ್ವಲ್ಪ ಸಕ್ಕರೆಯನ್ನು ಕೂಡಿಟ್ಟಿರುತ್ತವೆ. ಅದರ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ನಿಂತ ಕೂಡಲೇ ದೇಹ ಮೊದಲು ಈ ಕೂಡಿಟ್ಟದ್ದನ್ನು ಖರ್ಚು ಮಾಡುತ್ತದೆ, ನೀರು ಹೊರಗೆ ಹೋಗುತ್ತದೆ. ಎರಡು ದಿನ ಸರಿಯಾಗಿ ಉಂಡರೆ ಅಷ್ಟೂ ವಾಪಸ್ಸು.

ಇದನ್ನು ಅರ್ಥ ಮಾಡಿಕೊಳ್ಳಲು ವಿನೇಶ್ ಫೋಗಟ್ ಪ್ರಕರಣಕ್ಕಿಂತ ದೊಡ್ಡ ಪಾಠ ಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ 50 ಕೆ.ಜಿ. ವಿಭಾಗದಲ್ಲಿ ಮೊದಲ ದಿನ ತೂಕ ಸರಿಯಾಗಿಯೇ ಇತ್ತು. ಅಂದಿನ ಊಟ ಮತ್ತು ನೀರಿನಿಂದ ಸಂಜೆಗೆ ಎರಡು ಕೆ.ಜಿ.ಗೂ ಹೆಚ್ಚು ಏರಿತು. ರಾತ್ರಿಯಿಡೀ ಬೆವರು ಹರಿಸಿ, ಕೂದಲು ಕತ್ತರಿಸಿದರೂ ಬೆಳಿಗ್ಗೆ 100 ಗ್ರಾಂ ಹೆಚ್ಚಿತ್ತು. ಫೈನಲ್ ಕೈತಪ್ಪಿತು; ನಿರ್ಜಲೀಕರಣಕ್ಕೆ ಚಿಕಿತ್ಸೆ ಪಡೆಯಬೇಕಾಯಿತು. ಅಷ್ಟು ದೊಡ್ಡ ವೈದ್ಯಕೀಯ ತಂಡ ಜೊತೆಗಿದ್ದೂ ದೇಹ ಮಾತು ಕೇಳಲಿಲ್ಲ. ಹಾಸ್ಟೆಲ್ ಕೋಣೆಯಲ್ಲಿ ಮೊಬೈಲ್ ನೋಡಿ ಡಯಟ್ ಮಾಡುವ ನಮ್ಮ ಪಾಡೇನು?

ದೇಹಕ್ಕೆ ಕಾಣುವುದು ಬರಗಾಲ

ನಮ್ಮ ಮನಸ್ಸು ‘ಡಯಟ್’ ಎಂದು ಕರೆಯುವುದನ್ನು ದೇಹ ಬರಗಾಲವೆಂದು ತಿಳಿಯುತ್ತದೆ. ಬರಗಾಲ ಎಂಬ ಮಾತಿಗೆ ನಮ್ಮ ನೆಲದಲ್ಲೇ ಒಂದು ಇತಿಹಾಸವಿದೆ. 1876–78ರ ಮಹಾಬರದಲ್ಲಿ ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು ಹತ್ತು ಲಕ್ಷ ಜನ ಸತ್ತರು. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯೂ ತತ್ತರಿಸಿತ್ತು. ಖರ್ಚು ಉಳಿಸಲೆಂದು 1877ರಲ್ಲಿ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಆ ಪ್ರಾಂತ್ಯದ ಪರಿಹಾರ ಕಾಮಗಾರಿಗಳ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಉಪ್ಪು-ಮೆಣಸಿಗೆ ಚಿಲ್ಲರೆ ಕಾಸು ಎಂದು ಇಳಿಸಿದ. ಪ್ರಾಂತ್ಯದ ನೈರ್ಮಲ್ಯ ಆಯುಕ್ತನಾಗಿದ್ದ ವೈದ್ಯ ಕಾರ್ನಿಶ್ ಇದು ಮನುಷ್ಯರನ್ನು ನಿಧಾನವಾಗಿ ಕೊಲ್ಲುವ ಪಡಿ ಎಂದು ವಿರೋಧಿಸಿದ. ಕೆಲವೇ ತಿಂಗಳಲ್ಲಿ ಸರ್ಕಾರ ಪಡಿಯನ್ನು ಹೆಚ್ಚಿಸಬೇಕಾಯಿತು. ಒಂದು ಪೌಂಡ್ ಧಾನ್ಯವೆಂದರೆ ಸುಮಾರು 450 ಗ್ರಾಂ, ಅಂದಾಜು 1,550 ಕಿಲೊಕ್ಯಾಲರಿ. ಅವರು ಕಲ್ಲು-ಮಣ್ಣು ಹೊರುವ ಕೂಲಿಗಳು, ಅವರ ಅಗತ್ಯ ಇನ್ನೂ ಹೆಚ್ಚು ಎಂಬುದು ಬೇರೆ ಮಾತು. ಆದರೆ ಇಂದು ವಿಡಿಯೊಗಳು ಸಲೀಸಾಗಿ ಹೇಳುವ 600 ಅಥವಾ 800 ಕಿಲೊಕ್ಯಾಲರಿ, ಅಪಖ್ಯಾತಿಗೊಳಗಾದ ಆ ಬರದ ಪಡಿಯ ಅರ್ಧದಷ್ಟು ಮಾತ್ರ ಎಂಬುದನ್ನು ನೆನಪಿಡಿ.

ಇಂಥ ಹಸಿವು ದೇಹ ಮನಸ್ಸುಗಳಿಗೆ ಏನು ಮಾಡುತ್ತದೆ ಎಂಬುದನ್ನು ವಿಜ್ಞಾನಿಗಳು ಕಣ್ಣಾರೆ ನೋಡಿದ್ದಾರೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಆರೋಗ್ಯವಂತರಾದ 36 ಯುವಕರ ಮೇಲೆ ಪ್ರಯೋಗ ಮಾಡಿದರು. ಇವರು ಯುದ್ಧದಲ್ಲಿ ಆಯುಧ ಹಿಡಿಯಲೊಲ್ಲದೆ ಸ್ವಇಚ್ಛೆಯಿಂದ ಬಂದವರು. 24 ವಾರ ಅವರಿಗೆ ದಿನಕ್ಕೆ ಸುಮಾರು 1,600 ಕಿಲೊಕ್ಯಾಲರಿಯಷ್ಟೇ ಆಹಾರ. ಅವರ ತೂಕದಲ್ಲಿ ಕಾಲು ಭಾಗ ಇಳಿಯಿತು. ಅದರ ಜೊತೆಗೆ ಬೇರೆಯವೂ ಇಳಿದವು. ಹೃದಯ ಬಡಿತ ನಿಧಾನವಾಯಿತು, ಬೇಸಿಗೆಯಲ್ಲೂ ಚಳಿ ಎನ್ನತೊಡಗಿದರು, ಗೆಳೆಯರೊಡನೆ ಬೆರೆಯುವುದು ಬಿಟ್ಟರು, ಸಣ್ಣದಕ್ಕೆ ರೇಗಿದರು, ಖಿನ್ನರಾದರು. ದಿನವಿಡೀ ಊಟದ್ದೇ ಧ್ಯಾನ. ಕೆಲವರು ಅಡುಗೆ ಪುಸ್ತಕಗಳನ್ನು ಸಂಗ್ರಹಿಸಿ ಓದತೊಡಗಿದರು. ಪ್ರಯೋಗ ಮುಗಿದ ಮೇಲೆ ಎಷ್ಟು ಉಂಡರೂ ತೃಪ್ತಿಯಿಲ್ಲದ ಸ್ಥಿತಿ ಹಲವರನ್ನು ಬಹುಕಾಲ ಕಾಡಿತು.

ಇದನ್ನು ಓದುವಾಗ ಒಂದು ವಿಷಯ ಹೊಳೆಯುತ್ತದೆ. ಕಠಿಣ ಡಯಟ್ ಮಾಡುವ ಗೆಳತಿ ಮಾತುಮಾತಿಗೆ ಸಿಡುಕಿದರೆ, ಬೇರೆಯವರು ತಿನ್ನುವ ವಿಡಿಯೊವನ್ನೇ ರಾತ್ರಿಯಿಡೀ ನೋಡಿದರೆ, ಕೊನೆಗೊಂದು ದಿನ ತಡೆಯಲಾರದೆ ಇಡೀ ಕೇಕ್ ತಿಂದು ಅತ್ತರೆ, ನಾವು ‘ಮನಸ್ಸು ಗಟ್ಟಿಯಿಲ್ಲ’ ಎನ್ನುತ್ತೇವೆ. ಮಿನ್ನೆಸೋಟದ ಆ ಯುವಕರ ಮನಸ್ಸು ಗಟ್ಟಿಯೇ ಇತ್ತು. ಅವರನ್ನು ಸೋಲಿಸಿದ್ದು ಹಸಿವು. ಅದು ಚಾರಿತ್ರ್ಯದ ದೋಷವಲ್ಲ, ಜೀವ ಉಳಿಸಿಕೊಳ್ಳಲು ದೇಹ ಮಾಡುವ ಹೋರಾಟ.

ಇಳಿದದ್ದು ಮತ್ತೆ ಏರುವುದೇಕೆ?

ಬರ ಬಂದ ಮನೆ ಖರ್ಚು ಕಡಿಮೆ ಮಾಡುವಂತೆ ದೇಹವೂ ಮಾಡುತ್ತದೆ. ಸುಮ್ಮನೆ ಕುಳಿತಾಗ ಉರಿಸುವ ಶಕ್ತಿಯನ್ನು ಇಳಿಸುತ್ತದೆ, ಹಸಿವಿನ ಹಾರ್ಮೋನುಗಳನ್ನು ಏರಿಸುತ್ತದೆ. ಅಮೆರಿಕದ ‘ದಿ ಬಿಗ್ಗೆಸ್ಟ್ ಲೂಸರ್’ ಎಂಬ ತೂಕ ಇಳಿಸುವ ಟಿ.ವಿ. ಸ್ಪರ್ಧೆಯ 14 ಮಂದಿಯನ್ನು ಆರು ವರ್ಷಗಳ ನಂತರ ಪರೀಕ್ಷಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಸ್ಪರ್ಧೆಯಲ್ಲಿ ಅವರು ಸರಾಸರಿ 58 ಕೆ.ಜಿ. ಇಳಿಸಿದ್ದರು. ಆರು ವರ್ಷದಲ್ಲಿ ಅದರಲ್ಲಿ 41 ಕೆ.ಜಿ. ಮರಳಿ ಬಂದಿತ್ತು. ಅಷ್ಟೇ ಅಲ್ಲ, ಅವರ ದೇಹ ಅದೇ ತೂಕದ ಇತರರಿಗಿಂತ ದಿನಕ್ಕೆ ಸುಮಾರು 500 ಕಿಲೊಕ್ಯಾಲರಿ ಕಡಿಮೆ ಉರಿಸುತ್ತಿತ್ತು. ಅಂದರೆ ಬೇರೆಯವರಷ್ಟೇ ಉಂಡರೂ ಇವರು ದಪ್ಪಗಾಗುತ್ತಿದ್ದರು.

ಇನ್ನೊಂದು ನಷ್ಟ ಕನ್ನಡಿಯಲ್ಲಿ ಕಾಣದು. ತೀರಾ ಕಡಿಮೆ ಉಂಡಾಗ, ಅದರಲ್ಲೂ ಪ್ರೊಟೀನ್ ಕಡಿಮೆಯಿದ್ದು ವ್ಯಾಯಾಮವೂ ಇಲ್ಲದಾಗ, ದೇಹ ಕೊಬ್ಬಿನ ಜೊತೆಗೆ ಸ್ನಾಯುವನ್ನೂ ಕರಗಿಸುತ್ತದೆ. ತೂಕ ಮರಳಿ ಬರುವಾಗ ಕೊಬ್ಬು ಬೇಗ ಬರುತ್ತದೆ, ಸ್ನಾಯು ಅಷ್ಟು ಬೇಗ ಬರುವುದಿಲ್ಲ. ವರ್ಷಕ್ಕೆರಡು ಸಲ ಹೀಗೆ ಇಳಿಸಿ ಏರಿಸಿದವರ ತೂಕ ಅಷ್ಟೇ ಇದ್ದರೂ ಒಳಗಿನ ದೇಹ ಬಡವಾಗಿರುತ್ತದೆ.

ನಮ್ಮ ತಟ್ಟೆಯಲ್ಲಿ ಇರುವುದೇನು?

ಇಲ್ಲಿಯವರೆಗೆ ಹೇಳಿದ್ದು ಎಲ್ಲ ದೇಶಕ್ಕೂ ಅನ್ವಯಿಸುತ್ತದೆ. ಆದರೆ ನಮ್ಮಲ್ಲಿ ಅಪಾಯ ಇನ್ನೂ ಒಂದು ಕೈ ಹೆಚ್ಚು. 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತೀಯರು ತಿನ್ನುವ ಕ್ಯಾಲರಿಯಲ್ಲಿ ಶೇ 62ರಷ್ಟು ಕಾರ್ಬೊಹೈಡ್ರೇಟ್‌ನದ್ದು. ಪ್ರೊಟೀನ್ ಪಾಲು ಶೇ 12ರಷ್ಟು ಮಾತ್ರ. ನಮ್ಮ ಹಾಸ್ಟೆಲ್, ಪಿ.ಜಿ.ಗಳ ಊಟವನ್ನೇ ನೋಡಿ. ಬೆಳಿಗ್ಗೆ ಚಿತ್ರಾನ್ನ ಅಥವಾ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಮತ್ತು ಬೇಳೆ ಹುಡುಕಬೇಕಾದ ಸಾರು, ಸಂಜೆ ಬೇಕರಿಯ ಪಫ್ಸ್, ರಾತ್ರಿ ಮತ್ತೆ ಅನ್ನ. ಹೊಟ್ಟೆ ತುಂಬುತ್ತದೆ, ಆದರೆ ಪ್ರೊಟೀನ್, ಕಬ್ಬಿಣ, ಕ್ಯಾಲ್ಸಿಯಂ ಮೊದಲೇ ಸಾಲದು. ಇಂಥ ತಟ್ಟೆಯನ್ನು ಅರ್ಧ ಮಾಡಿದರೆ ಕೊರತೆಯಿದ್ದದ್ದೂ ಅರ್ಧವಾಗುತ್ತದೆ.

ಇದರ ಪರಿಣಾಮ ಹೆಣ್ಣುಮಕ್ಕಳ ಮೇಲೆ ಹೆಚ್ಚು. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15–49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುವ ಹುಡುಗಿ, ಒಂದು ಸೇಬು ಮತ್ತು ಗ್ರೀನ್ ಟೀ ಮೇಲೆ ದಿನ ದೂಡುತ್ತಾಳೆ. ಕೆಲವು ತಿಂಗಳಲ್ಲಿ ಕೂದಲು ಕೈಗೆ ಬರುತ್ತದೆ. ಮುಟ್ಟು ತಪ್ಪುತ್ತದೆ. ‘ಒಳ್ಳೆಯದೇ ಆಯಿತು’ ಎಂದುಕೊಳ್ಳುವವರೂ ಇದ್ದಾರೆ. ಆದರೆ ಹಸಿವಿನಿಂದ ಮುಟ್ಟು ನಿಂತಿತೆಂದರೆ ಈಸ್ಟ್ರೊಜೆನ್ ಕುಸಿದಿದೆ, ಮೂಳೆ ಸವೆಯಲು ಶುರುವಾಗಿದೆ ಎಂದರ್ಥ. ಮೂಳೆ ಜೀವಮಾನದ ಗಟ್ಟಿತನವನ್ನು ಗಳಿಸಿಕೊಳ್ಳುವುದು ಮೂವತ್ತರ ಒಳಗೆ. ಆ ವಯಸ್ಸಿನಲ್ಲಿ ಕಟ್ಟದ ಮೂಳೆಯನ್ನು ಐವತ್ತರಲ್ಲಿ ಮಾತ್ರೆ ನುಂಗಿ ಪೂರ್ತಿ ಪಡೆಯಲಾಗದು. ತೂಕ ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಬೆಳೆಯುವ ಸಂಭವವೂ ಹೆಚ್ಚು. ದಿನಗಟ್ಟಲೆ ಉಪವಾಸವಿದ್ದರೆ ಪೊಟ್ಯಾಸಿಯಂನಂಥ ಲವಣಗಳು ಕುಸಿದು ಹೃದಯದ ಬಡಿತವೇ ಹಳಿ ತಪ್ಪಬಹುದು. ಬಹಳ ದಿನ ಹಸಿದಿದ್ದವರು ಒಮ್ಮೆಲೇ ಹೊಟ್ಟೆ ತುಂಬ ಉಂಡರೂ ಪ್ರಾಣಾಪಾಯವಿದೆ. ಆದ್ದರಿಂದಲೇ ಅಂಥವರಿಗೆ ಆಸ್ಪತ್ರೆಯಲ್ಲಿ ಸ್ವಲ್ಪಸ್ವಲ್ಪವಾಗಿ ಆಹಾರ ಕೊಡುತ್ತಾರೆ.

‘ನಮ್ಮ ಹಿರಿಯರು ಏಕಾದಶಿ ಉಪವಾಸ ಮಾಡುತ್ತಿರಲಿಲ್ಲವೇ?’ ಎಂದು ಕೇಳುವವರಿದ್ದಾರೆ. ಮಾಡುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಉಪವಾಸ, ಮರುದಿನ ಪಾರಣೆಯ ಊಟ. ಹದಿನೈದೂ ದಿನ ಏಕಾದಶಿ ಮಾಡಿ ಎಂದು ಯಾವ ಅಜ್ಜಿಯೂ ಹೇಳಲಿಲ್ಲ.

ಪರೀಕ್ಷೆ, ಮೈದಾನ, ಸಂದರ್ಶನ

ನಮ್ಮ ವಯಸ್ಸಿನಲ್ಲಿ ಇದರ ಬೆಲೆ ಇನ್ನೂ ದುಬಾರಿ. ದೇಹ ಸುಮ್ಮನಿದ್ದಾಗ ಬಳಸುವ ಶಕ್ತಿಯಲ್ಲಿ ಐದನೇ ಒಂದು ಭಾಗ ಮಿದುಳಿಗೇ ಬೇಕು. ಕೆಪಿಎಸ್‌ಸಿಯೋ ಬ್ಯಾಂಕಿಂಗ್ ಪರೀಕ್ಷೆಯೋ, ದಿನಕ್ಕೆ ಹತ್ತು ಗಂಟೆ ಓದಬೇಕಾದವರು ಅರೆಹೊಟ್ಟೆಯಲ್ಲಿ ಕುಳಿತರೆ ಪುಟ ತಿರುಗುತ್ತದೆ, ವಿಷಯ ತಲೆಗೆ ಹತ್ತುವುದಿಲ್ಲ. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಾಗುವ ಯುವಕರು 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ಮೈ ಹಗುರವಾದರೆ ವೇಗ ಬರುತ್ತದೆಂದು ಊಟ ಬಿಡುವವರಿದ್ದಾರೆ. ಓಡಿಸುವುದು ಸ್ನಾಯು ಮತ್ತು ರಕ್ತ. ಹಸಿವು ಅವನ್ನೂ ಕದಿಯುತ್ತದೆ. ಮಹಿಳಾ ಅಭ್ಯರ್ಥಿಗಳಿಗಂತೂ ಕನಿಷ್ಠ ತೂಕದ ಮಿತಿಯೂ ಇದೆ ಎಂಬುದನ್ನು ಮರೆಯಬಾರದು.

ವಿಮಾನದ ಗಗನಸಖಿ, ಹೋಟೆಲ್ ಸ್ವಾಗತಕಾರರ ಕೆಲಸಗಳಲ್ಲಿ ತೂಕದ ಒತ್ತಡ ಬಹಿರಂಗವಾಗಿಯೇ ಇದೆ. ಉಳಿದೆಡೆ ಅದು ಮಾತಿನಲ್ಲಿರುತ್ತದೆ. ಮದುವೆ ಮನೆಯಲ್ಲಿ ನೆಂಟರು ಓದಿನ ಬಗ್ಗೆ ಕೇಳುವ ಮೊದಲೇ ‘ಏನೇ, ಇಷ್ಟು ದಪ್ಪ ಆಗ್ಬಿಟ್ಟಿದ್ದೀಯ?’ ಎನ್ನುತ್ತಾರೆ. ಅವರು ಮರುದಿನ ಮರೆಯುತ್ತಾರೆ, ಕೇಳಿಸಿಕೊಂಡವಳು ಮರೆಯುವುದಿಲ್ಲ. ಹುಡುಗರೂ ಈ ಹಂಗಿಸುವಿಕೆಯಿಂದ ಹೊರತಲ್ಲ.

ಮಾರುಕಟ್ಟೆ ಮತ್ತು ಕಾನೂನು

ಈ ನೋವು ಇರುವ ಕಡೆ ವ್ಯಾಪಾರ ಹುಟ್ಟುತ್ತದೆ. ಬೊಜ್ಜು ಕರಗಿಸುವ ಔಷಧಿಯೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸುತ್ತದೆ. ಆದರೆ ‘ನಾನು ಹೀಗೆ ಮಾಡಿದೆ, ನೀವೂ ಮಾಡಿ’ ಎನ್ನುವ ಮೂವತ್ತು ಸೆಕೆಂಡಿನ ರೀಲ್ಸ್ ಔಷಧಿಯ ಹೆಸರೇ ಎತ್ತುವುದಿಲ್ಲ. 2023ರ ಆಗಸ್ಟ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಮಾರ್ಗಸೂಚಿ ತಂದು, ಆರೋಗ್ಯ ಸಲಹೆ ಕೊಡುವ ಇನ್‌ಫ್ಲುಯೆನ್ಸರ್‌ಗಳು ತಮ್ಮ ವಿದ್ಯಾರ್ಹತೆಯನ್ನು ತಿಳಿಸಬೇಕೆಂದಿತು. ನಿಯಮ ಒಳ್ಳೆಯದೇ. ಆದರೆ ನಾವು ನೋಡುವ ಎಷ್ಟು ವಿಡಿಯೊಗಳಲ್ಲಿ ಅದು ಪಾಲನೆಯಾಗುತ್ತಿದೆ? ಕಾನೂನು ಬರುವ ಹೊತ್ತಿಗೆ ವಿಡಿಯೊ ಲಕ್ಷ ಮೊಬೈಲುಗಳನ್ನು ದಾಟಿರುತ್ತದೆ. ಆದ್ದರಿಂದ ಮೊದಲ ಜರಡಿ ನಮ್ಮ ಕೈಯಲ್ಲೇ ಇರಬೇಕು: ಹೇಳುವವರು ಯಾರು, ಏನು ಓದಿದ್ದಾರೆ, ಕೊನೆಗೆ ಏನನ್ನು ಮಾರುತ್ತಿದ್ದಾರೆ?

ಇದಕ್ಕೆ ಎದುರಾಗಿ ಒಂದು ವಾದವಿದೆ, ಅದನ್ನೂ ಕೇಳಬೇಕು. ಬ್ರಿಟನ್ನಿನ ‘ಡೈರೆಕ್ಟ್’ ಎಂಬ ಅಧ್ಯಯನದಲ್ಲಿ ಟೈಪ್ 2 ಮಧುಮೇಹಿಗಳಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕಿಲೊಕ್ಯಾಲರಿ ಕೊಡಲಾಯಿತು. ವರ್ಷದ ಕೊನೆಗೆ ಹೆಚ್ಚುಕಡಿಮೆ ಅರ್ಧದಷ್ಟು ಜನರ ಮಧುಮೇಹ ಹತೋಟಿಗೆ ಬಂದು, ಔಷಧಿಯೇ ಬೇಡವಾಯಿತು. 2017ರಲ್ಲಿ ಪ್ರಕಟವಾದ ಈ ಫಲಿತಾಂಶ ನಿಜ. ಆದರೆ ಅವರು ಅಧಿಕ ತೂಕವಿದ್ದ ರೋಗಿಗಳು. ಅವರು ಕುಡಿದದ್ದು ಎಲ್ಲ ಪೋಷಕಾಂಶ ಸೇರಿಸಿ ತಯಾರಿಸಿದ ಆಹಾರ. ಅವರ ಜೊತೆಗೆ ವೈದ್ಯರಿದ್ದರು, ನರ್ಸ್ ಅಥವಾ ಆಹಾರ ತಜ್ಞರಿದ್ದರು, ಸಾಮಾನ್ಯ ಊಟಕ್ಕೆ ಹಂತಹಂತವಾಗಿ ಮರಳುವ ಯೋಜನೆ ಇತ್ತು. ಶಸ್ತ್ರಚಿಕಿತ್ಸೆ ಜೀವ ಉಳಿಸುತ್ತದೆಂದು ಮನೆಯಲ್ಲಿ ಚಾಕು ಹಿಡಿಯುವವರುಂಟೇ?

ತಟ್ಟೆ ಖಾಲಿ ಮಾಡುವುದಲ್ಲ, ಬದಲಿಸುವುದು

ಹಾಗಾದರೆ ಏನು ಮಾಡಬೇಕು? ಮೊದಲ ಪ್ರಶ್ನೆ: ನಿಜವಾಗಿ ಇಳಿಸಬೇಕೇ? ನಮ್ಮವರಿಗೆ ಬಿಎಂಐ 18.5ರಿಂದ 23ರ ನಡುವೆ ಇದ್ದರೆ ಆರೋಗ್ಯಕರ. 5 ಅಡಿ 3 ಇಂಚು ಎತ್ತರದ ಹುಡುಗಿಗೆ ಅದು ಸುಮಾರು 47ರಿಂದ 59 ಕೆ.ಜಿ. ಆಗುತ್ತದೆ. 52 ಕೆ.ಜಿ. ಇದ್ದೂ ಊಟ ಬಿಡುತ್ತಿರುವವಳಿಗೆ ಡಯಟ್ ಬೇಕಿಲ್ಲ.

ಇಳಿಸಲೇಬೇಕಾದವರಿಗೆ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿ ಸ್ಪಷ್ಟವಾಗಿದೆ: ವಾರಕ್ಕೆ ಅರ್ಧ ಕೆ.ಜಿ. ಇಳಿಕೆ ಸುರಕ್ಷಿತ, ತೂಕ ಇಳಿಸುವ ಆಹಾರವೂ ದಿನಕ್ಕೆ 1,000 ಕಿಲೊಕ್ಯಾಲರಿಗಿಂತ ಕೆಳಗೆ ಹೋಗಬಾರದು. ಇದು ಕೆಳಮಿತಿಯೇ ಹೊರತು ಗುರಿಯಲ್ಲ. ದಿನಕ್ಕೆ 500 ಕಿಲೊಕ್ಯಾಲರಿಯ ಅಂತರ ತಂದರೆ ವಾರಕ್ಕೆ ಹೆಚ್ಚುಕಡಿಮೆ ಅರ್ಧ ಕೆ.ಜಿ. ಲೆಕ್ಕ ಸಿಗುತ್ತದೆ. ಇದಕ್ಕೆ ಉಪವಾಸ ಬೇಡ. ಕಾಫಿ-ಟೀಯ ಸಕ್ಕರೆ, ಸಂಜೆಯ ಪಫ್ಸ್, ತಂಪು ಪಾನೀಯ, ಕರಿದ ತಿಂಡಿ ಬಿಟ್ಟರೆ ಅದರ ದೊಡ್ಡ ಪಾಲು ಬರುತ್ತದೆ. ಅನ್ನದ ಒಂದು ಸೌಟು ಇಳಿಸಿ, ಆ ಜಾಗಕ್ಕೆ ಹುರುಳಿ, ಹೆಸರು, ಅಲಸಂದೆ ಕಾಳಿನ ಪಲ್ಯ, ಸೊಪ್ಪು, ಮಜ್ಜಿಗೆ ತನ್ನಿ. ತಿನ್ನುವವರು ಮೊಟ್ಟೆ, ಮೀನು ತಿನ್ನಿ. ರಾಗಿ ಮುದ್ದೆ ನಾಚಿಕೆಯ ಊಟವಲ್ಲ, ಅದರಲ್ಲಿ ಕ್ಯಾಲ್ಸಿಯಂ ಇದೆ. ಜೊತೆಗೆ ದಿನವೂ ನಡಿಗೆ, ವಾರಕ್ಕೆರಡು ಮೂರು ದಿನ ಬಸ್ಕಿ, ದಂಡೆಯಂಥ ಸ್ನಾಯು ಬೆಳೆಸುವ ವ್ಯಾಯಾಮ, ಸರಿಯಾದ ನಿದ್ದೆ. ಹತ್ತು ಕೆ.ಜಿ.ಗೆ ಐದಾರು ತಿಂಗಳಾಗಬಹುದು. ರೀಲ್ಸ್‌ಗೆ ಇದು ಸಪ್ಪೆ ಎನಿಸೀತು, ದೇಹಕ್ಕಲ್ಲ.

ತಲೆಸುತ್ತು, ಮುಟ್ಟು ನಿಲ್ಲುವುದು, ಎದೆ ಬಡಿತದ ಏರುಪೇರು ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಗೆಳೆಯ ಗೆಳತಿಯರು ಊಟ ಬಚ್ಚಿಡುತ್ತಿದ್ದರೆ, ತಿಂದದ್ದನ್ನು ವಾಂತಿ ಮಾಡುತ್ತಿದ್ದರೆ, ತೆಳ್ಳಗಾದರೂ ‘ದಪ್ಪ’ ಎಂದು ಅಳುತ್ತಿದ್ದರೆ ಅದನ್ನು ಹಟವೆಂದು ಬೈಯಬೇಡಿ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದರು ಹಿರಿಯರು. ಊಟ ಬಿಟ್ಟವನಿಗೆ ರೋಗವಿಲ್ಲ ಎನ್ನಲಿಲ್ಲ. ಓದು, ಕೆಲಸ, ಬದುಕು ಕಟ್ಟಿಕೊಳ್ಳಬೇಕಾದ ವಯಸ್ಸಿನಲ್ಲಿ ನಮಗಿರುವ ದೊಡ್ಡ ಬಂಡವಾಳ ಈ ದೇಹವೇ. ಮುಂದಿನ ಸಲ ‘ಹತ್ತು ದಿನದಲ್ಲಿ ಹತ್ತು ಕೆ.ಜಿ.’ ಎಂಬ ವಿಡಿಯೊ ಕಣ್ಣಿಗೆ ಬಿದ್ದರೆ ಮೊಬೈಲಿನಲ್ಲೇ ಇರುವ ಕ್ಯಾಲ್ಕುಲೇಟರ್ ತೆರೆದು, 7,700ನ್ನು ಹತ್ತರಿಂದ ಗುಣಿಸಿ ನೋಡಿ. ಅದನ್ನು ಕಳುಹಿಸಿಕೊಟ್ಟ ಗೆಳೆಯನಿಗೂ ಆ ಲೆಕ್ಕ ತೋರಿಸಿ.